ಮೈತ್ರಿ ಸರ್ಕಾರ ಕಟ್ಟುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಕರ್ನಾಟಕ ಈವರೆಗೆ ಮೂರು ಮೈತ್ರಿ ಸರ್ಕಾರಗಳನ್ನು ಹತ್ತಿರದಿಂದ ಕಂಡಿದೆ. 2004ರಲ್ಲಿ ಧರ್ಮಸಿಂಗ್ ನೇತೃತ್ವದ ಕಾಂಗ್ರೆಸ್–ಜೆಡಿಎಸ್ ಸರ್ಕಾರ ಇಪ್ಪತ್ತು ತಿಂಗಳು ನಡೆಯಿತು. 2006ರ ಜೆಡಿಎಸ್–ಬಿಜೆಪಿ ಸರ್ಕಾರವೂ ಇಪ್ಪತ್ತೇ ತಿಂಗಳು. 2018ರ ಜೆಡಿಎಸ್–ಕಾಂಗ್ರೆಸ್ ಸರ್ಕಾರಕ್ಕೆ ಸಿಕ್ಕಿದ್ದು ಹದಿನಾಲ್ಕು ತಿಂಗಳು. ಪಕ್ಕದ ಕೇರಳದಲ್ಲಿ ಎಡ ಮತ್ತು ಐಕ್ಯ ರಂಗಗಳು ದಶಕಗಳಿಂದ ಮೈತ್ರಿಯಲ್ಲೇ ಆಡಳಿತ ನಡೆಸುತ್ತಾ ಅವಧಿ ಪೂರೈಸುತ್ತಿವೆ. ಅಲ್ಲಿನ ನಾಯಕರು ಇಲ್ಲಿಯವರಿಗಿಂತ ಒಳ್ಳೆಯವರು ಎಂದೇನಲ್ಲ. ಅಲ್ಲಿ ಸೀಟು ಹಂಚಿಕೆ ಚುನಾವಣೆಗೆ ಮುಂಚೆಯೇ ಆಗುತ್ತದೆ, ಆದ್ದರಿಂದ ಮಿತ್ರಪಕ್ಷಗಳು ಒಂದೇ ಕ್ಷೇತ್ರದಲ್ಲಿ ಸೆಣಸುವುದಿಲ್ಲ. ಇಲ್ಲಿ ಮೇ ಎರಡನೇ ವಾರದವರೆಗೆ ಬೈದಾಡಿಕೊಂಡವರು ಮೂರನೇ ವಾರ ಕೈ ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ.

ಹಾಗಾಗಿ ಮಾತುಕತೆಗೆ ಕೂರುವ ಮೊದಲು ಒಂದು ಪಟ್ಟಿ ಮಾಡಿಕೊಳ್ಳಿ. ನಿಮ್ಮ ಪಕ್ಷ ಗೆದ್ದ ಎಷ್ಟು ಕ್ಷೇತ್ರಗಳಲ್ಲಿ ಎರಡನೇ ಸ್ಥಾನ ಬಂದಿರುವುದು ನಾಳೆ ಮಿತ್ರರಾಗಲಿರುವವರಿಗೇ? ಅವರು ಗೆದ್ದ ಕಡೆ ನೀವು ಎಷ್ಟರಲ್ಲಿ ಎರಡನೆಯವರು? ಈ ಸಂಖ್ಯೆ ದೊಡ್ಡದಿದ್ದರೆ ಮುಂದಿನ ಎಲ್ಲ ಕೆಲಸವೂ ದುಪ್ಪಟ್ಟು ಕಷ್ಟ. ಕಾಂಗ್ರೆಸ್ ಮತ್ತು ಜೆಡಿಎಸ್‌ಗೆ ಹಳೇ ಮೈಸೂರು ಭಾಗವಿಡೀ ಇಂಥದ್ದೇ ನೆಲ. ಬಿಜೆಪಿ ಮತ್ತು ಜೆಡಿಎಸ್‌ಗೆ ಈ ತೊಡಕು ಕಡಿಮೆ, ಇಬ್ಬರ ಗಟ್ಟಿ ನೆಲೆಗಳೂ ಬಹುಮಟ್ಟಿಗೆ ಬೇರೆ ಬೇರೆ ಕಡೆ ಇವೆ. 2019ರ ಲೋಕಸಭೆಯಲ್ಲಿ ಕಾಂಗ್ರೆಸ್–ಜೆಡಿಎಸ್ ಜೊತೆಯಾಗಿ ನಿಂತು 28ರಲ್ಲಿ ತಲಾ ಒಂದು ಸ್ಥಾನಕ್ಕೆ ಕುಸಿದವು. 2024ರಲ್ಲಿ ಜೊತೆಯಾಗಿ ನಿಂತ ಬಿಜೆಪಿ 17, ಜೆಡಿಎಸ್ 2 ಗೆದ್ದವು. ಫಲಿತಾಂಶಕ್ಕೆ ಬೇರೆ ಕಾರಣಗಳೂ ಇದ್ದವು ನಿಜ, ಆದರೆ ಮತ ವರ್ಗಾವಣೆಯ ವ್ಯತ್ಯಾಸ ಕಣ್ಣಿಗೆ ರಾಚುವಂತಿತ್ತು.

ತಲೆ ಎಣಿಕೆ

ವಿಧಾನಸಭೆಯ ಬಲ 224, ಸರಳ ಬಹುಮತ 113. ಕಾಗದದ ಮೇಲಿನ 113 ಮಾತ್ರ ಸದನದಲ್ಲಿ 113 ಆಗಿ ಉಳಿಯುವುದಿಲ್ಲ. ಮೊದಲು ಈ ಮೂರನ್ನು ಕಳೆಯಿರಿ.

ಒಂದು, ಸ್ಪೀಕರ್. ಸ್ಪೀಕರ್ ಸ್ಥಾನ ನಿಮ್ಮ ಕಡೆಗೇ ಬಂದರೆ ಒಂದು ಮತ ಹೋಯಿತು ಎಂದೇ ಲೆಕ್ಕ. ಸಂವಿಧಾನದ 189ನೇ ವಿಧಿಯಂತೆ ಮತಗಳು ಸಮಬಲವಾದಾಗ ಮಾತ್ರ ಅವರು ನಿರ್ಣಾಯಕ ಮತ ಹಾಕುತ್ತಾರೆ. ಎರಡು, ಎರಡು ಕಡೆ ಗೆದ್ದವರು. 2018ರಲ್ಲಿ ಕುಮಾರಸ್ವಾಮಿ ರಾಮನಗರ, ಚನ್ನಪಟ್ಟಣ ಎರಡರಲ್ಲೂ ಗೆದ್ದಿದ್ದರು. ಜೆಡಿಎಸ್ ಸ್ಥಾನ 37 ಇದ್ದರೂ ತಲೆ 36. ಮೂರು, ಚುನಾವಣೆ ಮುಂದೂಡಿದ ಕ್ಷೇತ್ರಗಳು. ಆ ವರ್ಷ ಮೊದಲು ಮತದಾನ ಆಗಿದ್ದು 222ಕ್ಕೆ, ಹಾಗಾಗಿ ಮ್ಯಾಜಿಕ್ ಸಂಖ್ಯೆಯೂ ತಾತ್ಕಾಲಿಕವಾಗಿ 112ಕ್ಕೆ ಇಳಿದಿತ್ತು.

ಆಮೇಲೆ ಅಂತರ ನೋಡಿ. ಗೆಲ್ಲಲು ಎಷ್ಟು ಬೇಕು ಎಂಬುದಕ್ಕಿಂತ ಎಷ್ಟು ಜನ ಹೋದರೆ ಸೋಲುತ್ತೀರಿ ಎಂಬ ಲೆಕ್ಕ ಮುಖ್ಯ. ಸ್ಪೀಕರ್ ಬಿಟ್ಟು ನಿಮ್ಮ ಕಡೆ ಮತ ಹಾಕುವವರಿಂದ ಎದುರಾಳಿಯ ಬಲವನ್ನು ಕಳೆಯಿರಿ. ರಾಜೀನಾಮೆ ಕೊಡುವ ಅಥವಾ ಗೈರಾಗುವ ಪ್ರತಿ ಶಾಸಕ ಈ ಅಂತರದಲ್ಲಿ ಒಂದನ್ನು ತಿನ್ನುತ್ತಾನೆ. ಆಚೆ ಕಡೆ ಹೋಗಿ ಮತ ಹಾಕುವ ಪಕ್ಷೇತರ ಎರಡನ್ನು ತಿನ್ನುತ್ತಾನೆ. 2019ರಲ್ಲಿ ಬಿಜೆಪಿ ಬಲ 105. ನಾಮನಿರ್ದೇಶಿತ ಸದಸ್ಯರನ್ನು ಬದಿಗಿಟ್ಟರೆ, ಪಕ್ಷೇತರರೂ ಸೇರಿ ಉಳಿದವರು 119, ಸ್ಪೀಕರ್ ಕಳೆದರೆ 118, ಅಂತರ 13. ಅಂದರೆ ಹದಿಮೂರು ಮಂದಿ ಹೋದರೆ ಸಮಬಲ, ಹದಿನಾಲ್ಕನೆಯವನು ಹೋದರೆ ಸರ್ಕಾರ ಹೋಯಿತು. ಜುಲೈ 23ರ ವಿಶ್ವಾಸಮತದಂದು ಸದನಕ್ಕೆ ಬಾರದವರು 20 ಮಂದಿ. ನಾಮನಿರ್ದೇಶಿತ ಸದಸ್ಯರ ಮತವೂ ಸೇರಿ ಫಲಿತಾಂಶ 99–105.

'ಆಪರೇಷನ್ ಕಮಲ'ದ ತಂತ್ರ ಇಷ್ಟೇ. ಪಕ್ಷಾಂತರ ಮಾಡಿದರೆ ಅನರ್ಹತೆ, ಆದ್ದರಿಂದ ಪಕ್ಷಾಂತರ ಮಾಡುವುದು ಬೇಡ, ರಾಜೀನಾಮೆ ಕೊಟ್ಟು ಸದನದ ಗಾತ್ರವನ್ನೇ ಕುಗ್ಗಿಸಿದರೆ ಸಾಕು. 1985ರ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಮೂರನೇ ಒಂದು ಭಾಗ ಒಡೆದರೆ ರಕ್ಷಣೆಯಿತ್ತು. 2003ರ 91ನೇ ತಿದ್ದುಪಡಿ ಅದನ್ನು ತೆಗೆದು, ಮೂರನೇ ಎರಡು ಭಾಗದ ವಿಲೀನಕ್ಕೆ ಮಾತ್ರ ಅವಕಾಶ ಉಳಿಸಿತು. ಬಾಗಿಲು ಮುಚ್ಚಿದ ಮೇಲೆ ಕಿಟಕಿ ಹುಡುಕಿಕೊಂಡರು, ಅಷ್ಟೆ. ಅಂತರ ಹತ್ತಕ್ಕಿಂತ ಕಡಿಮೆ ಇದ್ದರೆ ಮೊದಲ ದಿನದಿಂದಲೇ ಒಬ್ಬೊಬ್ಬ ಶಾಸಕನ ಮೇಲೂ ಕಣ್ಣಿಡಬೇಕಾಗುತ್ತದೆ. ವಾಜಪೇಯಿ ಸರ್ಕಾರ 1999ರ ಏಪ್ರಿಲ್ 17ರಂದು ಬಿದ್ದಿದ್ದು 269–270ರಲ್ಲಿ, ಒಂದೇ ಮತದಲ್ಲಿ.

ಮೊದಲ ನಲವತ್ತೆಂಟು ಗಂಟೆ

ಇಲ್ಲಿ ವೇಗವೇ ಎಲ್ಲ. 2017ರಲ್ಲಿ ಗೋವಾದ 40ರಲ್ಲಿ 17 ಗೆದ್ದ ಕಾಂಗ್ರೆಸ್ ನಾಯಕನ ಆಯ್ಕೆಯಲ್ಲೇ ಕಾಲ ಕಳೆಯಿತು. 13 ಗೆದ್ದಿದ್ದ ಬಿಜೆಪಿ ಬೆಂಬಲ ಪತ್ರಗಳನ್ನು ಜೋಡಿಸಿಕೊಂಡು ರಾಜಭವನಕ್ಕೆ ಹೋಗಿ ಸರ್ಕಾರ ರಚಿಸಿತು. ಸುಪ್ರೀಂ ಕೋರ್ಟಿಗೆ ಹೋದ ಕಾಂಗ್ರೆಸ್ಸಿಗೆ ಎದುರಾದ ಪ್ರಶ್ನೆ: ನಿಮ್ಮ ಬೆಂಬಲ ಪತ್ರಗಳೆಲ್ಲಿ? ಈ ಪಾಠ ಕಲಿತ ಕಾಂಗ್ರೆಸ್ 2018ರ ಮೇ 15ರಂದು, ಮತ ಎಣಿಕೆ ಪೂರ್ತಿಯಾಗುವ ಮೊದಲೇ, ಮಧ್ಯಾಹ್ನವೇ ಜೆಡಿಎಸ್‌ಗೆ ಮುಖ್ಯಮಂತ್ರಿ ಸ್ಥಾನ ಬಿಟ್ಟುಕೊಡುವುದಾಗಿ ಘೋಷಿಸಿತು. 78 ಗೆದ್ದವರು 37 ಗೆದ್ದವರಿಗೆ ಕುರ್ಚಿ ಕೊಡುವುದು ಹೊಟ್ಟೆಗೆ ಬೆಂಕಿ ಬೀಳುವ ನಿರ್ಧಾರ. ಆದರೆ ಅವತ್ತು ಸಂಜೆಯವರೆಗೆ ಕಾದಿದ್ದರೆ ಆ ಸರ್ಕಾರವೇ ಇರುತ್ತಿರಲಿಲ್ಲ.

ಕೆಲಸದ ಕ್ರಮ ಹೀಗಿರಲಿ. ಎರಡೂ ಪಕ್ಷಗಳು ಪ್ರತ್ಯೇಕವಾಗಿ ಶಾಸಕಾಂಗ ಪಕ್ಷದ ಸಭೆ ನಡೆಸಿ ನಾಯಕನನ್ನು ಆರಿಸಿ, ನಡಾವಳಿ ಬರೆದು ಸಹಿ ಹಾಕಬೇಕು. ಬಳಿಕ ಮೈತ್ರಿಯ ನಾಯಕನಿಗೆ ಬೆಂಬಲ ಸೂಚಿಸುವ ನಿರ್ಣಯ. ಅದರ ಜೊತೆ ಎಲ್ಲ ಶಾಸಕರ ಹೆಸರು, ಕ್ಷೇತ್ರ, ದಿನಾಂಕ, ಸ್ವಂತ ಸಹಿ ಇರುವ ಪಟ್ಟಿ. ಸಹಿ ಹಾಕಿಸುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರದಿಂದ ಬೆಂಬಲ ವಾಪಸ್ ಪಡೆದಿದ್ದಾರೆಂದು 19 ಶಾಸಕರ ಪತ್ರಗಳು ರಾಜ್ಯಪಾಲರ ಕೈ ಸೇರಿದ್ದವು. ಮರುದಿನವೇ ಅವರಲ್ಲಿ ಏಳು ಮಂದಿ, ತಮ್ಮನ್ನು ತಪ್ಪುದಾರಿಗೆಳೆದು ಸಹಿ ಪಡೆಯಲಾಗಿದೆ ಎಂದು ಬರೆದರು. ಆದರೂ ಸರ್ಕಾರ ವಜಾ ಆಯಿತು. ಬಹುಮತ ಸಾಬೀತಾಗಬೇಕಾದ್ದು ರಾಜಭವನದಲ್ಲಿ ಅಲ್ಲ, ಸದನದಲ್ಲಿ ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದೇ ಪ್ರಕರಣದ್ದು. ಇವತ್ತಿಗೂ ಪ್ರತಿ ಅತಂತ್ರ ವಿಧಾನಸಭೆಯಲ್ಲಿ ವಕೀಲರು ಮೊದಲು ಎತ್ತುವ ಹೆಸರು ಬೊಮ್ಮಾಯಿ.

ರಾಜಭವನದಲ್ಲಿ ಪತ್ರ ಕೊಟ್ಟ ಕೂಡಲೇ ಸಮಯ ನಮೂದಿಸಿದ ಸ್ವೀಕೃತಿ ಪಡೆಯಿರಿ. ರಾಜ್ಯಪಾಲರಿಗೆ ವಿವೇಚನಾಧಿಕಾರ ಇದೆ. ಸರ್ಕಾರಿಯಾ ಆಯೋಗ ಸೂಚಿಸಿದ ಕ್ರಮದಲ್ಲಿ ಚುನಾವಣಾಪೂರ್ವ ಮೈತ್ರಿ ಮೊದಲು, ಇತರರ ಬೆಂಬಲದೊಂದಿಗೆ ಹಕ್ಕು ಮಂಡಿಸುವ ಅತಿದೊಡ್ಡ ಪಕ್ಷ ಎರಡನೆಯದು, ಎಲ್ಲರೂ ಸರ್ಕಾರ ಸೇರುವ ಚುನಾವಣೋತ್ತರ ಮೈತ್ರಿ ಮೂರನೆಯದು, ಬಾಹ್ಯ ಬೆಂಬಲದ ಕೂಟ ಕೊನೆಯದು. ಚುನಾವಣೋತ್ತರ ಮೈತ್ರಿಯಾಗಿದ್ದರೆ ನಿಮ್ಮ ಸರದಿ ಮೂರನೆಯದು ಎಂಬುದನ್ನು ಮರೆಯಬೇಡಿ. ಅತಿದೊಡ್ಡ ಪಕ್ಷವನ್ನೇ ಕರೆದರೆ ಏನು ಮಾಡಬೇಕು ಎಂಬುದು ಅಂದೇ ಸಿದ್ಧವಿರಬೇಕು: ದೆಹಲಿಯಲ್ಲಿ ವಕೀಲರು, ಸಹಿ ಹಾಕಿದ ವಕಾಲತ್ತು, ಅರ್ಜಿಯ ಕರಡು. 2018ರ ಮೇ 16ರ ಮಧ್ಯರಾತ್ರಿ ಕಳೆದ ಮೇಲೆ ಸುಪ್ರೀಂ ಕೋರ್ಟ್ ವಿಚಾರಣೆ ನಡೆಸಿತು. ಪ್ರಮಾಣವಚನಕ್ಕೆ ತಡೆ ಸಿಗಲಿಲ್ಲ. ಆದರೆ ಯಡಿಯೂರಪ್ಪನವರಿಗೆ ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನಗಳ ಗಡುವು ಮೇ 19ರ ಸಂಜೆ 4ಕ್ಕೆ ಇಳಿಯಿತು. ಅಂದು ಅವರು ಮತಕ್ಕೆ ಹಾಕದೆ ರಾಜೀನಾಮೆ ಕೊಟ್ಟರು. ಕೋರ್ಟಿನಲ್ಲಿ ಕೇಳಬೇಕಾದ್ದು ಮೂರು: ಹತ್ತಿರದ ದಿನಾಂಕ, ಬಹಿರಂಗ ಮತದಾನ, ನೇರ ಪ್ರಸಾರ. 2019ರ ನವೆಂಬರಿನಲ್ಲಿ ಮಹಾರಾಷ್ಟ್ರದ ವಿಷಯದಲ್ಲಿ ಈ ಮೂರೂ ಸಿಕ್ಕವು.

ಇನ್ನು ರೆಸಾರ್ಟ್. ವಿಶ್ವಾಸಮತದ ತನಕ ನಾಲ್ಕೈದು ದಿನಕ್ಕೆ ಅದು ಕೆಲಸಕ್ಕೆ ಬರುತ್ತದೆ, ಅದರಾಚೆ ತಿರುಗುಬಾಣವಾಗುತ್ತದೆ. 2019ರ ಜನವರಿಯಲ್ಲಿ ಬಿಡದಿಯ ರೆಸಾರ್ಟಿನಲ್ಲಿ ಒಂದೇ ಪಕ್ಷದ ಇಬ್ಬರು ಶಾಸಕರು ಹೊಡೆದಾಡಿಕೊಂಡು ಒಬ್ಬರು ಆಸ್ಪತ್ರೆ ಸೇರಿದ್ದು ನೆನಪಿರಬಹುದು.

ಒಳಗೋ, ಹೊರಗೋ?

ಬಾಹ್ಯ ಬೆಂಬಲವನ್ನು ನೆಚ್ಚಬೇಡಿ. ಚರಣ್ ಸಿಂಗ್, ಚಂದ್ರಶೇಖರ್, ದೇವೇಗೌಡ, ಗುಜ್ರಾಲ್ ನಾಲ್ವರೂ ಕಾಂಗ್ರೆಸ್ಸಿನ ಬಾಹ್ಯ ಬೆಂಬಲದ ಮೇಲೆ ಪ್ರಧಾನಿಯಾದವರು, ನಾಲ್ವರನ್ನೂ ಆ ಬೆಂಬಲವೇ ಇಳಿಸಿತು. ಹೊರಗಿರುವ ಪಕ್ಷಕ್ಕೆ ಕಳೆದುಕೊಳ್ಳಲು ಖಾತೆಯಿಲ್ಲ, ಉತ್ತರ ಹೇಳಬೇಕಾದ ಇಲಾಖೆಯಿಲ್ಲ. ಅನಿವಾರ್ಯವಾದರೆ 2004ರ ಯುಪಿಎ–ಎಡಪಕ್ಷಗಳಂತೆ ಬರೆದಿಟ್ಟ ಕನಿಷ್ಠ ಕಾರ್ಯಕ್ರಮ ಮತ್ತು ನಿಯಮಿತ ಸಮನ್ವಯ ಸಭೆ ಇರಲಿ. ಅದು ನಾಲ್ಕು ವರ್ಷ ನಡೆದು ಪರಮಾಣು ಒಪ್ಪಂದದ ಮೇಲೆ ಮುರಿಯಿತು. ಬಾಹ್ಯ ಬೆಂಬಲದ ಮಟ್ಟಿಗೆ ಅದು ದೀರ್ಘಾಯುಷ್ಯವೇ ಸರಿ.

ಖಾತೆ ಹಂಚಿಕೆ

ಮುಖ್ಯಮಂತ್ರಿ ಸೇರಿ ಸಚಿವರ ಸಂಖ್ಯೆ ಸದನದ ಶೇ 15 ಮೀರುವಂತಿಲ್ಲ. ಕರ್ನಾಟಕಕ್ಕೆ ಅದು 34. ಮೊದಲು ಶಾಸಕರ ಅನುಪಾತದಲ್ಲಿ ಹಂಚಿ ನೋಡಿ, ಆಮೇಲೆ ಚೌಕಾಸಿ ಮಾಡಿ. 2018ರಲ್ಲಿ 78:37ರ ಲೆಕ್ಕಕ್ಕೆ ಜೆಡಿಎಸ್ ಪಾಲು ಸುಮಾರು 11. ಜೂನ್ 1ರ ಒಪ್ಪಂದದಲ್ಲಿ ಕಾಂಗ್ರೆಸ್ಸಿಗೆ 22, ಮುಖ್ಯಮಂತ್ರಿ ಸೇರಿ ಜೆಡಿಎಸ್‌ಗೆ 12 ಬಂತು. ನಿಗಮ–ಮಂಡಳಿಗಳಲ್ಲಿ ಮೂರನೇ ಎರಡು ಭಾಗ ಕಾಂಗ್ರೆಸ್ಸಿಗೆ, ಒಂದು ಭಾಗ ಜೆಡಿಎಸ್‌ಗೆ ಎಂದಾಯಿತು. ಐದೂ ವರ್ಷ ಕುಮಾರಸ್ವಾಮಿಯೇ ಮುಖ್ಯಮಂತ್ರಿ, ಲೋಕಸಭೆಗೆ ಒಟ್ಟಿಗೆ ಸ್ಪರ್ಧೆ ಎಂದೂ ಬರೆದುಕೊಂಡರು. ಕಾಗದದ ಮೇಲೆ ಇಷ್ಟು ಸ್ಪಷ್ಟವಾದ ಒಪ್ಪಂದ ನಮ್ಮಲ್ಲಿ ಅಪರೂಪ.

ಸಂಖ್ಯೆಗಿಂತ ಜಗಳ ಬರುವುದು ಖಾತೆಯ ತೂಕದ ಮೇಲೆ. ಹಣಕಾಸು, ಗೃಹ, ಜಲಸಂಪನ್ಮೂಲ, ಲೋಕೋಪಯೋಗಿ, ಇಂಧನ, ಬೆಂಗಳೂರು ಅಭಿವೃದ್ಧಿ, ಕಂದಾಯ, ಇವು ಒಂದು ದರ್ಜೆ. ಉಳಿದವು ಇನ್ನೊಂದು. ಎರಡು ಪಟ್ಟಿ ಬೇರೆ ಮಾಡಿ, ಮೊದಲನೆಯದನ್ನು ಒಂದೊಂದಾಗಿ ಸರದಿಯಂತೆ ಆರಿಸಿಕೊಳ್ಳುವುದು ಸಭ್ಯ ವಿಧಾನ. ಮುಖ್ಯಮಂತ್ರಿ ಒಂದು ಪಕ್ಷದವರಾದರೆ ಹಣಕಾಸು ಇನ್ನೊಂದು ಪಕ್ಷಕ್ಕೆ ಹೋಗುವುದು ಒಳ್ಳೆಯದು ಎಂಬ ವಾದವಿದೆ. 2006ರಲ್ಲಿ ಹಾಗೇ ಇತ್ತು: ಉಪಮುಖ್ಯಮಂತ್ರಿ ಯಡಿಯೂರಪ್ಪ ಬಜೆಟ್ ಮಂಡಿಸಿದರು. 2018ರಲ್ಲಿ ಎರಡೂ ಒಬ್ಬರ ಕೈಯಲ್ಲೇ ಉಳಿದು, ಮುಂದೆ ಅದೇ ಕಿರಿಕಿರಿಯಾಯಿತು. ಸ್ಪೀಕರ್ ಸ್ಥಾನವನ್ನು ಸಚಿವಗಿರಿಯಷ್ಟೇ ತೂಗಿ ನೋಡಬೇಕು. ಕಷ್ಟಕಾಲದಲ್ಲಿ ಹತ್ತು ಖಾತೆಗಳಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಲ್ಲ ಕುರ್ಚಿಗಳನ್ನೂ ಮೊದಲ ದಿನವೇ ತುಂಬಬೇಡಿ ಎಂಬುದು ಹಳೆಯ ಸಲಹೆ. ಅರ್ಧ ಸರಿ. 2018ರ ಜೂನ್ 6ರಂದು 25 ಮಂದಿ ಪ್ರಮಾಣವಚನ ಸ್ವೀಕರಿಸಿದರು, ಮೊದಲೇ ಇದ್ದ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಸೇರಿ 27 ಆಗಿ ಏಳು ಸ್ಥಾನ ಖಾಲಿ ಉಳಿದವು. ಆಕಾಂಕ್ಷಿಗಳ ಮೂಗಿಗೆ ತುಪ್ಪ ಸವರುತ್ತಾ ವಿಸ್ತರಣೆ ಡಿಸೆಂಬರ್ 22ರವರೆಗೆ ಹೋಯಿತು. ಅಂದು ಹೊಸಬರು ಬಂದರು, ರಮೇಶ ಜಾರಕಿಹೊಳಿ ಮತ್ತು ಆರ್. ಶಂಕರ್ ಹೊರಬಿದ್ದರು. ಶಂಕರ್ ಜನವರಿಯಲ್ಲಿ ಬೆಂಬಲ ವಾಪಸ್ ಪಡೆದರು, ಜಾರಕಿಹೊಳಿ ಜುಲೈನಲ್ಲಿ ಮೊದಲ ಸಾಲಿನಲ್ಲೇ ರಾಜೀನಾಮೆ ಕೊಟ್ಟರು. ಖಾಲಿ ಕುರ್ಚಿ ಎರಡು ತಿಂಗಳು ಆಸೆ ಹುಟ್ಟಿಸುತ್ತದೆ, ಆರು ತಿಂಗಳಾದರೆ ಸಿಟ್ಟು ಹುಟ್ಟಿಸುತ್ತದೆ. ಹಾಗಾಗಿ ವಿಸ್ತರಣೆಯ ದಿನಾಂಕವನ್ನು ಒಪ್ಪಂದದಲ್ಲೇ ಬರೆಯಿರಿ. ಸಚಿವರಾಗಿದ್ದವರನ್ನು ಕೈಬಿಡುವುದಿದ್ದರೆ, ತಲೆ ಎಣಿಕೆಯ ಅಂತರ ನೋಡದೆ ಕೈಬಿಡಬೇಡಿ. ಸಚಿವರಾಗದೇ ಉಳಿದವರ ಅಸಮಾಧಾನ ಹೇಗೋ ಆರುತ್ತದೆ, ಆಗಿ ಇಳಿದವರದು ಆರುವುದಿಲ್ಲ.

ಅಧಿಕಾರ ಹಂಚಿಕೆಯ ಒಪ್ಪಂದ

ಅರ್ಧ ಅವಧಿ ನಿಮಗೆ, ಅರ್ಧ ನಮಗೆ ಎಂಬ ಸೂತ್ರ ಹೇಳಲು ಸುಲಭ. 2006ರಲ್ಲಿ ತಲಾ 20 ತಿಂಗಳು ಎಂದಿತ್ತು. ಮೊದಲ ಪಾಳಿ ಜೆಡಿಎಸ್‌ನದು. 2007ರ ಅಕ್ಟೋಬರಿನಲ್ಲಿ ಅಧಿಕಾರ ಹಸ್ತಾಂತರ ಆಗಲಿಲ್ಲ, ರಾಷ್ಟ್ರಪತಿ ಆಳ್ವಿಕೆ ಬಂತು. ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರು, ಜೆಡಿಎಸ್ ಹೊಸ ಷರತ್ತು ಮುಂದಿಟ್ಟಿತು, ಏಳೇ ದಿನಕ್ಕೆ ರಾಜೀನಾಮೆ. ಮುಂದಿನ ವರ್ಷದ ಚುನಾವಣೆಯಲ್ಲಿ ಬಿಜೆಪಿ 110 ಗೆದ್ದಿತು, ಜೆಡಿಎಸ್ 58ರಿಂದ 28ಕ್ಕೆ ಇಳಿಯಿತು.

ಇಂಥ ಮಾತಿಗೆ ಕೋರ್ಟಿನ ಬಲವಿಲ್ಲ. ಎರಡನೇ ಪಾಳಿಯವರು ಮೊದಲ ಪಾಳಿಯಿಡೀ ಮಾತು ನಂಬಿಕೊಂಡೇ ಕೂರಬೇಕು, ಹಸ್ತಾಂತರವಾದ ದಿನ ಮೊದಲ ಪಾಳಿಯವರಿಗೆ ಸರ್ಕಾರದಲ್ಲಿ ಉಳಿಯಲು ಇದ್ದ ದೊಡ್ಡ ಕಾರಣವೇ ಹೊರಟುಹೋಗುತ್ತದೆ. ಜಮ್ಮು–ಕಾಶ್ಮೀರದಲ್ಲಿ 2002ರ ಪಿಡಿಪಿ–ಕಾಂಗ್ರೆಸ್ ಒಪ್ಪಂದದಂತೆ ಮುಫ್ತಿ ಸಯೀದ್ 2005ರ ನವೆಂಬರಿನಲ್ಲಿ ಗುಲಾಂ ನಬಿ ಆಜಾದ್‌ಗೆ ಕುರ್ಚಿ ಬಿಟ್ಟುಕೊಟ್ಟರು. ಆದರೂ ಅವಧಿ ಮುಗಿಯುವ ಕೆಲವೇ ತಿಂಗಳ ಮೊದಲು ಪಿಡಿಪಿ ಬೆಂಬಲ ಹಿಂತೆಗೆಯಿತು. ಪಾಳಿ ಬೇಕೇ ಬೇಕು ಎಂದಾದರೆ ಹಸ್ತಾಂತರದ ದಿನಾಂಕ, ಆ ದಿನ ಯಾವ ಖಾತೆ ಯಾರಿಗೆ, ಉಪಮುಖ್ಯಮಂತ್ರಿ ಯಾರು ಎಂಬುದನ್ನೆಲ್ಲ ಬಹಿರಂಗವಾಗಿ ಪ್ರಕಟಿಸಿ. ಮುರಿದವರಿಗೆ ಮತದಾರರೇ ಶಿಕ್ಷೆ ಕೊಡಬೇಕಾದರೆ ಮಾತು ಏನಿತ್ತೆಂದು ಅವರಿಗೆ ಗೊತ್ತಿರಬೇಕಲ್ಲ.

ಕನಿಷ್ಠ ಕಾರ್ಯಕ್ರಮ ಮತ್ತು ಬಜೆಟ್

ಎರಡು ಪ್ರಣಾಳಿಕೆಗಳನ್ನು ಪಕ್ಕಪಕ್ಕ ಇಟ್ಟು ಮೂರು ರಾಶಿ ಮಾಡಿ: ಇಬ್ಬರೂ ಹೇಳಿದ್ದು, ಒಬ್ಬರೇ ಹೇಳಿದ್ದು, ಪರಸ್ಪರ ವಿರುದ್ಧ ಇರುವುದು. ಮೂರನೆಯದನ್ನು ಬದಿಗಿಡಿ. ಎರಡನೆಯದರಲ್ಲಿ ತಲಾ ಒಂದೆರಡು ಆರಿಸಿ ಪ್ರತಿಯೊಂದರ ಮುಂದೆ ಮೊತ್ತ ಬರೆಯಿರಿ. ಮೊತ್ತ ಬರೆಯದ ಕಾರ್ಯಕ್ರಮ ಬರೀ ಭಾಷಣ.

2018ರ ತಪ್ಪು ಇಲ್ಲೇ ಆಗಿದ್ದು. ಸಾಲ ಮನ್ನಾ ಜೆಡಿಎಸ್‌ನ ಭರವಸೆ, ಅನ್ನಭಾಗ್ಯ ಕಾಂಗ್ರೆಸ್ಸಿನ ಹೆಮ್ಮೆ. ಫೆಬ್ರುವರಿಯಲ್ಲೇ ಸಿದ್ದರಾಮಯ್ಯ ಪೂರ್ಣ ಬಜೆಟ್ ಮಂಡಿಸಿದ್ದರಿಂದ ಮತ್ತೊಂದು ಬಜೆಟ್ ಯಾಕೆ ಎಂಬ ತಕರಾರಿನಿಂದಲೇ ಶುರುವಾಯಿತು. ಜುಲೈ 5ರಂದು ಕುಮಾರಸ್ವಾಮಿ ಸುಮಾರು 34,000 ಕೋಟಿ ರೂಪಾಯಿ ಸಾಲ ಮನ್ನಾ ಘೋಷಿಸಿ, ಅನ್ನಭಾಗ್ಯದ ಅಕ್ಕಿಯನ್ನು 7 ಕಿಲೊದಿಂದ 5ಕ್ಕೆ ಇಳಿಸಿದರು. ಸಿದ್ದರಾಮಯ್ಯ ಪತ್ರ ಬರೆದರು, ಅಕ್ಕಿ ಮತ್ತೆ 7 ಕಿಲೊ ಆಯಿತು. ಎರಡು ಕಿಲೊ ಅಕ್ಕಿ ಉಳಿಸಲು ಹೋಗಿ ಕಳೆದುಕೊಂಡ ವಿಶ್ವಾಸ ಮಾತ್ರ ವಾಪಸ್ ಬರಲಿಲ್ಲ. ನಿಯಮ ಸರಳ: ಮಿತ್ರಪಕ್ಷದ ಹೆಸರಿನೊಂದಿಗೆ ಜನ ಗುರುತಿಸುವ ಯೋಜನೆಯ ಒಂದು ರೂಪಾಯಿ ಮುಟ್ಟುವ ಮೊದಲೂ ಅವರನ್ನು ಕೇಳಿ. ಬಜೆಟ್ ಕರಡು ಅಚ್ಚಿಗೆ ಹೋಗುವ ಮೊದಲು ಸಮನ್ವಯ ಸಮಿತಿಯ ಮೇಜಿಗೆ ಬರಲಿ.

ಸಮನ್ವಯ ಸಮಿತಿ, ಮತ್ತು ಅದರ ಕೈಗೆ ಸಿಗದ ಜಗಳಗಳು

ಸಮಿತಿ ಚಿಕ್ಕದಿರಲಿ, ಐದಾರು ಜನ ಸಾಕು. ತಿಂಗಳಿಗೊಮ್ಮೆ ತಪ್ಪದೆ ಸಭೆ ನಡೆಯಲಿ, ಜಗಳವಿಲ್ಲದ ತಿಂಗಳಲ್ಲೂ. ಬಿಕ್ಕಟ್ಟಿನಲ್ಲಿ ಮಾತ್ರ ಸೇರುವ ಸಮಿತಿಯ ಸಭೆಯೇ ಟಿವಿಗೆ ಬ್ರೇಕಿಂಗ್ ನ್ಯೂಸ್ ಆಗಿಬಿಡುತ್ತದೆ. 2018ರಲ್ಲಿ ಅಧ್ಯಕ್ಷತೆ ಮಾಜಿ ಮುಖ್ಯಮಂತ್ರಿ ಸಿದ್ದರಾಮಯ್ಯನವರದು. ಶಾಸಕರ ಮೇಲೆ ಹಿಡಿತ ಇರುವವರೇ ಆ ಸ್ಥಾನದಲ್ಲಿರಬೇಕು ಎಂಬುದು ಸರಿ. ಆದರೆ ಹಾಗೆ ಮಾಡಿದಾಗ ಅತೃಪ್ತರಿಗೆ ಎರಡನೇ ದೂರು ಕೇಂದ್ರ ತೆರೆದುಕೊಳ್ಳುತ್ತದೆ, ಮುಖ್ಯಮಂತ್ರಿಯ ಮನೆ ಬಾಗಿಲಿಗೆ ಹೋಗುವವರು ಕಡಿಮೆಯಾಗುತ್ತಾರೆ.

ನಿಜವಾದ ಪೆಟ್ಟು ಬೀಳುವುದು ತಾಲ್ಲೂಕಿನಲ್ಲಿ. ತಹಶೀಲ್ದಾರ್, ಪಿಎಸ್‌ಐ, ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಯಾರ ಶಿಫಾರಸಿನ ಮೇಲೆ ಬರಬೇಕು? ಶಾಸಕ ಒಂದು ಪಕ್ಷ, ಉಸ್ತುವಾರಿ ಸಚಿವ ಇನ್ನೊಂದು ಪಕ್ಷ, ಸೋತ ಅಭ್ಯರ್ಥಿ ಉಸ್ತುವಾರಿ ಸಚಿವರ ಪಕ್ಕದಲ್ಲಿ ಕೂತು ಕೆಲಸ ಮಾಡಿಸಿಕೊಳ್ಳುತ್ತಾನೆ. ಅಭಿವೃದ್ಧಿ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಇದಕ್ಕೆ ಮೂರು ಕಟ್ಟುಪಾಡು ಬೇಕು. ಕ್ಷೇತ್ರದೊಳಗಿನ ವರ್ಗಾವಣೆಯಲ್ಲಿ ಗೆದ್ದ ಶಾಸಕನ ಮಾತೇ ಅಂತಿಮ, ಯಾವ ಪಕ್ಷದವನಾದರೂ ಸರಿ. ನೇರ ಹಣಾಹಣಿಯ ಜಿಲ್ಲೆಗಳಿಗೆ ಹೊರಜಿಲ್ಲೆಯ ಸಚಿವರ ಉಸ್ತುವಾರಿ. ಅನುದಾನ ಬಿಡುಗಡೆ ಕ್ಷೇತ್ರವಾರು ಪಟ್ಟಿಯಾಗಿ ಪ್ರಕಟವಾಗಲಿ, ನಮ್ಮ ಕ್ಷೇತ್ರಕ್ಕೆ ದುಡ್ಡೇ ಬರಲಿಲ್ಲ ಎಂಬ ದೂರನ್ನು ಕಾಗದದ ಮೇಲೆ ಪರೀಕ್ಷಿಸಬಹುದು.

ಇನ್ನೊಂದು ಮಾತು. ಸರ್ಕಾರ ಬೀಳುವಾಗ ಬಿರುಕು ಹೆಚ್ಚಾಗಿ ಎರಡು ಪಕ್ಷಗಳ ನಡುವೆ ಕಾಣುವುದಿಲ್ಲ, ಒಂದೇ ಪಕ್ಷದೊಳಗೆ ಕಾಣುತ್ತದೆ. 2018ರ ಸೆಪ್ಟೆಂಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಪಿಎಲ್‌ಡಿ ಬ್ಯಾಂಕಿನ (ರೈತರಿಗೆ ಸಾಲ ಕೊಡುವ ಸಹಕಾರಿ ಬ್ಯಾಂಕ್) ಚುನಾವಣೆ ಕಾಂಗ್ರೆಸ್ ಬಣಗಳ ನಡುವೆ ಕಿಚ್ಚು ಹೊತ್ತಿಸಿ, ಬೆಂಗಳೂರಿನ ಸರ್ಕಾರ ಉಳಿಯುತ್ತದೆಯೇ ಎಂಬ ಪ್ರಶ್ನೆ ಎಬ್ಬಿಸಿತು. ಕೊನೆಗೆ ಅನರ್ಹರಾದ 17 ಮಂದಿಯಲ್ಲಿ 14 ಕಾಂಗ್ರೆಸ್, 3 ಜೆಡಿಎಸ್. ಮಿತ್ರಪಕ್ಷವನ್ನು ಸಂಭಾಳಿಸುವ ಸಮಿತಿ ಇತ್ತು, ಸ್ವಂತ ಶಾಸಕರನ್ನು ಸಂಭಾಳಿಸುವವರು ಇರಲಿಲ್ಲ. ಹತ್ತು ಶಾಸಕರಿಗೊಬ್ಬ ಸಚಿವನನ್ನು ಹೊಣೆ ಮಾಡಿ, ವಾರಕ್ಕೊಮ್ಮೆ ಪ್ರತಿಯೊಬ್ಬರ ಜೊತೆ ಮಾತಾಡಿಸಿ. ಫೋನ್ ಎತ್ತುವುದು ನಿಲ್ಲಿಸಿದ ಶಾಸಕನ ಹೆಸರು ಅವತ್ತೇ ನಿಮ್ಮ ಕಿವಿಗೆ ಬೀಳಬೇಕು.

ವಿಶ್ವಾಸಮತದ ದಿನ

ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಜಾರಿ ಮಾಡುವವನ ನೇಮಕ ಪಕ್ಷದ್ದು, ಶಾಸಕರ ಗುಂಪಿನದಲ್ಲ. ಶಿವಸೇನೆ ಒಡೆದ ಮಹಾರಾಷ್ಟ್ರ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ನೇಮಕ ಪತ್ರವನ್ನು ಮೊದಲೇ ಸ್ಪೀಕರ್ ಕಚೇರಿಗೆ ಕೊಟ್ಟಿರಿ. ವಿಪ್ ಅನ್ನು ಖುದ್ದಾಗಿ ತಲುಪಿಸಿ, ಸಿಗದವರ ಮನೆ ಬಾಗಿಲಿಗೆ ಅಂಟಿಸಿ, ಇಮೇಲ್, ವಾಟ್ಸ್‌ಆ್ಯಪ್ ಎರಡರಲ್ಲೂ ಕಳಿಸಿ ದಾಖಲೆ ಇಟ್ಟುಕೊಳ್ಳಿ. ಆದರೆ ಅದನ್ನೇ ನಂಬಿ ಕೂರಬೇಡಿ: 2019ರ ಜುಲೈ 17ರಂದು ಸುಪ್ರೀಂ ಕೋರ್ಟ್, ರಾಜೀನಾಮೆ ಕೊಟ್ಟವರನ್ನು ಸದನಕ್ಕೆ ಬರುವಂತೆ ಒತ್ತಾಯಿಸುವಂತಿಲ್ಲ ಎಂದ ಮೇಲೆ ವಿಪ್ ಹಲ್ಲು ಕಿತ್ತ ಹಾವಾಯಿತು. ಚರ್ಚೆಯನ್ನು ಎಳೆದರೆ ಮನಸ್ಸು ಬದಲಾಗಬಹುದು ಎಂಬ ಎಣಿಕೆಯೂ ಕೆಲಸ ಮಾಡಲಿಲ್ಲ. ಜುಲೈ 18ಕ್ಕೆ ಶುರುವಾದದ್ದು 23ರವರೆಗೆ ಎಳೆಯಿತು, ರಾಜ್ಯಪಾಲರ ಎರಡು ಗಡುವು ದಾಟಿದವು, ಒಬ್ಬನೂ ಮರಳಲಿಲ್ಲ.

ಸೋಲು ಖಚಿತ ಎಂದಾದಾಗ ಮಾಡಬೇಕಾದ ಕೊನೆಯ ಕೆಲಸ ಅನರ್ಹತೆಯ ಅರ್ಜಿ. ಸ್ಪೀಕರ್ ಬದಲಾಗುವ ಮೊದಲೇ ದಾಖಲೆ ಸಮೇತ ಸಲ್ಲಿಸಿ, ಶಾಸಕರಿಗೆ ಉತ್ತರಿಸಲು ನೋಟಿಸ್ ಹೋಗುವಂತೆ ನೋಡಿಕೊಳ್ಳಿ. 2019ರಲ್ಲಿ ಸ್ಪೀಕರ್ ರಮೇಶ್ ಕುಮಾರ್ ಜುಲೈ 25 ಮತ್ತು 28ರಂದು ಅನರ್ಹತೆಯ ಆದೇಶ ಹೊರಡಿಸಿ 29ಕ್ಕೆ ಸ್ಥಾನ ತೊರೆದರು. 2010ರಲ್ಲಿ ಸ್ಪೀಕರ್ ಬೋಪಯ್ಯ 11 ಬಿಜೆಪಿ ಶಾಸಕರನ್ನೂ 5 ಪಕ್ಷೇತರರನ್ನೂ ಅನರ್ಹಗೊಳಿಸಿದ್ದು ಮಾತ್ರ ಮರುವರ್ಷ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಅವಸರದಲ್ಲಿ ವಾದ ಮಂಡಿಸಲು ಸರಿಯಾದ ಅವಕಾಶ ಕೊಡದಿದ್ದದ್ದು ಮುಳುವಾಯಿತು. 2019ರ ಆದೇಶ ನವೆಂಬರ್ 13ರಂದು ಎತ್ತಿಹಿಡಿಯಲ್ಪಟ್ಟಿತು. ಆದರೆ ಸದನದ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು ಎಂಬ ಭಾಗವನ್ನು ಕೋರ್ಟ್ ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅನರ್ಹರಲ್ಲಿ 13 ಮಂದಿ ಬಿಜೆಪಿಯಿಂದ ನಿಂತರು, 11 ಮಂದಿ ಗೆದ್ದುಬಂದರು.